ಬೆಲ್ಲದ ರೇಟು ಹೊರಡುವ ಮೊದಲೇ ನಿಂತಿತ್ತು: ಲ್ಯಾಂಬ್ಡಾ ಜೊತೆ ನನ್ನ ಅನುಭವ

ಮಂಡ್ಯ ಎಪಿಎಂಸಿಯಲ್ಲಿ ಬೆಲ್ಲವೆಲ್ಲ ಒಂದೇ ರೇಟಿಗೆ ಹೋಗುವುದಿಲ್ಲ. ಅಚ್ಚು, ಕುರಿಕಟ್ಟು, ಬಕೆಟ್ ಅಂತ ಒಂದೊಂದಕ್ಕೆ ಒಂದೊಂದು ದರ. ಆಲೆಮನೆ ನಡೆಸುವ ನನ್ನ ಸೋದರಮಾವನಿಗೆ ಹಿಂದಿನ ದಿನದ ದರ ಬೆಳಗ್ಗೆ 7ಕ್ಕೆ ಟೆಲಿಗ್ರಾಂನಲ್ಲಿ ಸಿಗಲಿ ಎಂದು ಎಡಬ್ಲ್ಯುಎಸ್ ಲ್ಯಾಂಬ್ಡಾದಲ್ಲಿ (ನಮ್ಮ ಕೋಡನ್ನು ಬೇಕಾದಾಗ ಓಡಿಸಿಕೊಡುವ ಅಮೆಜಾನಿನ ಕ್ಲೌಡ್ ಸೇವೆ) ಓಡುವಂಥ ನಲವತ್ತು ಸಾಲಿನ ಪೈಥಾನ್ ಫಂಕ್ಷನ್ ಬರೆದೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತು. ಅಪ್‌ಲೋಡ್ ಮಾಡಿದ ಮಾರನೇ ದಿನ ಮಾವನ ಫೋನು: "ಯಾಕ್ಲಾ, ಮೆಸೇಜೇ ಬರ್ನಿಲ್ಲ?"

ತಪ್ಪು ಕೋಡಿನಲ್ಲೇ ಇದೆ ಅಂದುಕೊಂಡು ಹ್ಯಾಂಡ್ಲರಿನ (ಲ್ಯಾಂಬ್ಡಾ ಕರೆಯುವ ಮುಖ್ಯ ಫಂಕ್ಷನ್) ಒಳಗೆ, ಎಲ್ಲಿವರೆಗೆ ಓಡಿತೆಂದು ತಿಳಿಯಲು, ಸಾಲುಸಾಲಾಗಿ ಪ್ರಿಂಟ್ ಹಾಕಿದೆ. ಲ್ಯಾಂಬ್ಡಾ ಓಡಿದ್ದರ ದಾಖಲೆ ಬೀಳುವ ಕ್ಲೌಡ್‌ವಾಚ್ ಲಾಗಿನಲ್ಲಿ ಒಂದೂ ಕಾಣಲಿಲ್ಲ. ಅಲ್ಲಿ ಇದ್ದದ್ದು 'ರನ್‌ಟೈಮ್.ಇಂಪೋರ್ಟ್‌ಮಾಡ್ಯೂಲ್‌ಎರರ್' ಎಂಬ ಒಂದು ಸಾಲು. ಲ್ಯಾಂಬ್ಡಾ ಮೊದಲು ಫೈಲನ್ನು ಇಂಪೋರ್ಟ್ ಮಾಡುತ್ತದೆ (ಒಳಗೆ ತಂದುಕೊಳ್ಳುತ್ತದೆ), ಆಮೇಲಷ್ಟೇ ಹ್ಯಾಂಡ್ಲರನ್ನು ಕರೆಯುತ್ತದೆ. ನನ್ನದು ಇಂಪೋರ್ಟಿನಲ್ಲೇ ಬಿದ್ದಿತ್ತು. ಒಳಗಿನ ಪ್ರಿಂಟಿಗೆ ಸರದಿಯೇ ಬಂದಿರಲಿಲ್ಲ.

'ಲ್ಯಾಂಬ್ಡಾ_ಫಂಕ್ಷನ್' ಎಂಬ ಮಾಡ್ಯೂಲೇ, ಅಂದರೆ ನನ್ನ ಕೋಡಿನ ಫೈಲೇ, ಇಲ್ಲ ಎನ್ನುತ್ತಿತ್ತು ಆ ಸಾಲು. ನಾನು ಫೋಲ್ಡರನ್ನೇ ಜಿಪ್ ಮಾಡಿದ್ದೆ. ಹಾಗಾಗಿ ಫೈಲು ಒಂದು ಹಂತ ಒಳಗೆ ಕೂತಿತ್ತು. ಫೋಲ್ಡರಿನ ಒಳಗಿರುವುದನ್ನೆಲ್ಲ ಆಯ್ದು ಮತ್ತೆ ಜಿಪ್ ಮಾಡಿದೆ, ಅದು ಸರಿಹೋಯಿತು.

ಆಮೇಲೆ ಬಂದದ್ದೇ ನಿಜವಾದ ತಲೆನೋವು. ದರದ ಪಟ್ಟಿ ಓದಲು ಹಾಕಿದ್ದ ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಯನ್ನು ಇಂಪೋರ್ಟ್ ಮಾಡುವಾಗ, ಅದಕ್ಕೆ ಬೇಕಾದ ನಂಪೈ ಲೈಬ್ರರಿ ಸಿಗುತ್ತಿಲ್ಲ ಎಂಬ ದೂರು. ಜಿಪ್ ಬಿಚ್ಚಿ ನೋಡಿದರೆ ನಂಪೈ ಫೋಲ್ಡರ್ ಅಲ್ಲೇ ಇದೆ! ಇನ್ನೂ ಒಳಗೆ ಹೋಗಿ ಒಂದೊಂದೇ ಫೈಲಿನ ಹೆಸರು ಓದುತ್ತಾ ಬಂದೆ. ಕೆಲವು ಹೆಸರುಗಳ ಕೊನೆಯಲ್ಲಿ 'ವಿನ್_ಎಎಂಡಿ64.ಪಿವೈಡಿ' ಅಂತಿತ್ತು. ವಿಂಡೋಸಿಗೆಂದು ಕಟ್ಟಿದ ಫೈಲುಗಳು ಅವು. ಲ್ಯಾಂಬ್ಡಾ ಓಡುವುದು ಲಿನಕ್ಸ್ ಮೇಲೆ, ಅಲ್ಲಿಗೆ '.ಎಸ್ಒ' ಫೈಲುಗಳೇ ಬೇಕು. ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್‌ಗೆ ಪ್ಲಾಟ್‌ಫಾರ್ಮ್ 'ಮೆನಿಲಿನಕ್ಸ್2014_ಎಕ್ಸ್86_64', ಪೈಥಾನ್ ವರ್ಷನ್ 3.12, ಬೈನರಿ (ಮೊದಲೇ ಕಟ್ಟಿಟ್ಟ ಫೈಲು) ಮಾತ್ರ ಸಾಕು ಎಂದು ಹೇಳಿ ಬೇರೆ ಫೋಲ್ಡರಿಗೆ ಇಳಿಸಿಕೊಂಡೆ. ಫಂಕ್ಷನ್ನಿನ ಸೆಟ್ಟಿಂಗಿನಲ್ಲಿ ಆರ್ಮ್64 (ಬೇರೆ ಬಗೆಯ ಪ್ರೊಸೆಸರ್) ಇದ್ದರೆ ಈ ಪ್ಲಾಟ್‌ಫಾರ್ಮಿನ ಹೆಸರೂ ಬದಲಾಗಬೇಕು, ಪೈಥಾನ್ ವರ್ಷನ್ನೂ ಅಲ್ಲಿರುವುದಕ್ಕೆ ತಾಳೆಯಾಗಬೇಕು.

ಈ ಸಲ ನಂಪೈ ದಾಟಿತು. ಮುಂದೆ 'ಕೀಎರರ್', ಅಂದರೆ ಕೇಳಿದ ಹೆಸರಿನದು ಸಿಗಲಿಲ್ಲ ಎಂಬ ದೂರು. ಮೆಸೇಜು ಕಳಿಸಲು ಬೇಕಾದ ಗುಪ್ತ ಕೀಲಿಯಾದ ಟೆಲಿಗ್ರಾಂ ಟೋಕನ್ನನ್ನು ಫೈಲಿನ ತಲೆಯಲ್ಲೇ ಎನ್ವಿರಾನ್ಮೆಂಟ್ ವೇರಿಯಬಲ್ಲಿನಿಂದ (ಕೋಡಿನ ಹೊರಗೆ ಇಟ್ಟ ಸೆಟ್ಟಿಂಗ್) ಓದುತ್ತಿದ್ದೆ. ಅದು ಲ್ಯಾಪ್‌ಟಾಪಿನಲ್ಲಿತ್ತು, ಲ್ಯಾಂಬ್ಡಾದಲ್ಲಿ ಸೇರಿಸಿರಲಿಲ್ಲ. ಸೇರಿಸಿ ಟೆಸ್ಟ್ ಒತ್ತಿದಾಗ, ಆವರೆಗೆ ಹಾಕಿದ್ದ ಪ್ರಿಂಟುಗಳೆಲ್ಲ ಒಂದರ ಹಿಂದೊಂದು ಲಾಗಿನಲ್ಲಿ ಇಳಿದವು. ಅದನ್ನು ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ದಿನಕ್ಕೆ ಮೂರು ಸಾಲಿನ ಸಿಎಸ್‌ವಿ (ಅಲ್ಪವಿರಾಮದಿಂದ ಬಿಡಿಸಿ ಬರೆದ ಪಟ್ಟಿಯ ಫೈಲು) ಓದಲು ಪಾಂಡಾಸ್ ಬೇಕೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅದನ್ನು ಕಿತ್ತು, ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್ ಹಾಕಿದೆ. ಈಗ ಜಿಪ್ಪಿನಲ್ಲಿ ಇರುವುದು ನನ್ನದೊಂದೇ ಫೈಲು. ಮಾರನೇ ದಿನ ಏಳಕ್ಕೆ ಮೆಸೇಜು ಹೋಯಿತು. ಏಳೂ ಐದಕ್ಕೆ ಮಾವನ ಫೋನು: "ಬಕೆಟ್ ಬೆಲ್ಲದ್ದು ಮೊದ್ಲು ಹಾಕ್ಲಾ, ಅದೇ ನಮ್ದು."