ಪಿಕಪ್ ಚಕ್ರದ ಗೂಡಿಗೆ ಕೆಸರು ತಡೆ: ಮನೆಯಲ್ಲೇ ಮಾಡೋದು ಹೀಗೆ

ಚಕ್ರದ ಗೂಡಿನ (ಟೈರ್ ಕೂರುವ ಬಾಗಿದ ಜಾಗದ) ಒಳಗಡೆ ತೆರೆದಿದ್ದರೆ ಕೆಸರು ನೇರ ಇಂಜಿನ್ ಕಡೆಗೇ ಹಾರುತ್ತದೆ. ಅದನ್ನು ತಡೆಯೋಕೆ 3 ಮಿ.ಮೀ. ದಪ್ಪದ ರಬ್ಬರ್ ಶೀಟ್ ಸಾಕು. ಒಳಗೆ ನೂಲಿನ ಪದರ ಇರೋದು ಸಿಕ್ಕರೆ ಇನ್ನೂ ಒಳ್ಳೆಯದು, ಬೋಲ್ಟ್ ಹಾಕಿದ ಜಾಗದಲ್ಲಿ ಬೇಗ ಹರಿಯುವುದಿಲ್ಲ.

ಮೊದಲು ರಟ್ಟಿನಲ್ಲಿ ಅಚ್ಚು ಮಾಡಿ. ಇಲ್ಲಿ ಮಾತ್ರ ಅವಸರ ಬೇಡ. ರಟ್ಟನ್ನು ಟೇಪಿನಿಂದ ಅಂಟಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಎಲ್ಲಾದರೂ ತಾಗುತ್ತಾ ನೋಡಿ. ಲೋಡ್ ಹಾಕಿದಾಗ ಗಾಡಿ ಕೆಳಗೆ ಕೂರುತ್ತದೆ, ಗುಂಡಿಗೆ ಬಿದ್ದರೆ ಟೈರ್ ಇನ್ನೂ ಮೇಲೆ ಬರುತ್ತದೆ, ಅದಕ್ಕೂ ಜಾಗ ಬಿಟ್ಟಿರಬೇಕು ಅಲ್ವಾ? ಬ್ರೇಕ್ ಪೈಪು, ವೈರು, ಸೈಲೆನ್ಸರ್ ಹತ್ತಿರ ರಬ್ಬರ್ ಹೋಗಲೇಬಾರದು.

ಅಚ್ಚಿನಂತೆ ಚೂಪಾದ ಬ್ಲೇಡಿನಿಂದ ಕತ್ತರಿಸಿ. ಕಂಪನಿಯವರು ಮೊದಲೇ ಕೊಟ್ಟ ತೂತುಗಳಿದ್ದರೆ ಅವನ್ನೇ ಬಳಸಿ, ಸುಮ್ನೆ ಹೊಸದು ಕೊರೆಯಬೇಡಿ. ಕೊರೆಯಲೇಬೇಕಾದರೆ ಹಿಂದೆ ಏನಿದೆ ನೋಡಿಕೊಂಡು ಕೊರೆದು, ಅಂಚಿಗೆ ತುಕ್ಕು ತಡೆಯುವ ಪೇಂಟ್ ಹಚ್ಚಿ. ಅಗಲ ವಾಷರ್, ನೈಲಾನ್ ಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರೋ, ಸುಲಭಕ್ಕೆ ಸಡಿಲವಾಗದ ನಟ್) ಹಾಕಿ, ಬೋಲ್ಟಿನ ತಲೆ ಟೈರ್ ಕಡೆಗೆ ಇರಲಿ. ಜಾಸ್ತಿ ಬಿಗಿದರೆ ರಬ್ಬರ್ ಸೀಳುತ್ತದೆ. ನೀರು ಇಳಿಯುವ ಸಂದುಗಳನ್ನು ಮುಚ್ಚಬೇಡಿ, ಕೆಸರು ನಿಂತು ಬಾಡಿ ತುಕ್ಕು ಹಿಡಿಯುತ್ತದೆ. ಒಂದೆರಡು ವಾರ ಓಡಿಸಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.