ಪಾಸಿಟಿವ್ ಬಂತು, ಆದರೆ ಯಾವ ವೈರಸ್?

ಅಥಣಿ ಹತ್ತಿರದ ಲೇಯರ್ ಫಾರ್ಮ್ ಒಂದರಲ್ಲಿ ಮೊಟ್ಟೆ ದಿಢೀರನೆ ಕಡಿಮೆಯಾಯಿತು. ಬಂದ ಮೊಟ್ಟೆಗಳ ಚಿಪ್ಪು ಸುಕ್ಕು ಸುಕ್ಕು. ಒಡೆದು ನೋಡಿದರೆ ಬಿಳಿಭಾಗ ನೀರಿನಂತೆ ಹರಿಯುತ್ತಿತ್ತು. ರಾತ್ರಿ ಲೈಟ್ ಆರಿಸಿ ಶೆಡ್ಡಿನಲ್ಲಿ ಸುಮ್ನೆ ನಿಂತೆ. ಅಲ್ಲಲ್ಲಿ ಗೊರಗೊರ ಸದ್ದು. ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್, ನಾವು ಐಬಿ ಎನ್ನುವ ರೋಗ ಇರಬಹುದು ಅನಿಸಿತು. ಇದನ್ನು ತರುವುದು ಕೋಳಿಗಳ ಒಂದು ಕೊರೋನಾ ವೈರಸ್. ಒಂದೆರಡು ದಿನದಲ್ಲೇ ಪಕ್ಕದ ಕೋಳಿಗೆ ಅಂಟುತ್ತದೆ.

ಪಿಸಿಆರ್ ಪಾಸಿಟಿವ್ ಬಂತು. "ರೋಗ ಯಾವ್ದಂತ ಗೊತ್ತಾತಲ್ರೀ ಸರ್ರ, ಮತ್ಯಾಕ ಇನ್ನೊಂದು ಟೆಸ್ಟ್?" ಎಂದರು ಮಾಲೀಕರು. ಕೇಳುವುದು ಸರಿಯೇ, ದುಡ್ಡು ಅವರದಲ್ವಾ. ಆದರೆ ಲಸಿಕೆ ರಿಜಿಸ್ಟರ್ ತೆಗೆದರೆ ಮೂರು ವಾರದ ಹಿಂದೆ ಎಚ್‌120 ಕೊಟ್ಟಿದ್ದರು. ಅದು ಜೀವಂತ ವೈರಸ್ಸಿನ ಲಸಿಕೆ, ಕೋಳಿಯ ಮೈಯಲ್ಲಿ ಕೆಲವು ವಾರ ಉಳಿಯುತ್ತದೆ. ಸಾಮಾನ್ಯ ಪಿಸಿಆರ್‌ಗೆ ಲಸಿಕೆಯ ವೈರಸ್ಸೂ ಒಂದೇ, ರೋಗದ ವೈರಸ್ಸೂ ಒಂದೇ. ಬೇರೆ ಮಾಡಬೇಕೆಂದರೆ ಎಸ್‌1 ಜೀನ್ ಓದಬೇಕು. ವೈರಸ್ಸಿನ ಮೇಲಿನ ಮುಳ್ಳಿನ ತಲೆಭಾಗ ಕಟ್ಟುವ ಜೀನ್ ಅದು. ತಳಿಯಿಂದ ತಳಿಗೆ ಜಾಸ್ತಿ ಬದಲಾಗುವುದೂ ಅದೇ. 2016ರ ವರ್ಗೀಕರಣ ಅದನ್ನೇ ಹಿಡಿದು ಐಬಿ ವೈರಸ್ಸನ್ನು 6 ಜೀನೋಟೈಪ್, 32 ಕವಲುಗಳಾಗಿ ವಿಂಗಡಿಸಿತು. ಎಚ್‌120 ಜಿಐ-1 ಕವಲಿನದು.

ಎಸ್‌1 ಓದಿಸಲು ಮಾದರಿ ಕಳಿಸುವಾಗ ಮೊದಲ ಸಲ ನಾನೇ ತಪ್ಪು ಮಾಡಿದೆ. ಐದು ಕೋಳಿಗಳ ಶ್ವಾಸನಾಳ, ಕಿಡ್ನಿ ಎಲ್ಲ ಒಂದೇ ಟ್ಯೂಬಿಗೆ ಹಾಕಿ ಕಳಿಸಿದೆ. ಸೀಕ್ವೆನ್ಸಿಂಗ್, ಅಂದರೆ ಜೀನಿನ ಅಕ್ಷರಗಳನ್ನು ಒಂದೊಂದಾಗಿ ಓದುವ ಪರೀಕ್ಷೆಯ ಗ್ರಾಫಿನಲ್ಲಿ ಒಂದೇ ಜಾಗದಲ್ಲಿ ಎರಡೆರಡು ಪೀಕ್ ಮೂಡಿದವು. ಅಲ್ಲಿರುವ ಅಕ್ಷರ 'ಎ'ಯೋ 'ಜಿ'ಯೋ ಹೇಳಲಾಗಲಿಲ್ಲ. ಎರಡು ವೈರಸ್ ಬೆರೆತಿರಬಹುದು ಎಂಬ ಸುಳಿವಷ್ಟೇ ಸಿಕ್ಕಿತು.

ಎರಡನೇ ಸಲ ಹೊಸದಾಗಿ ಗೊರಗೊರ ಎನ್ನುತ್ತಿದ್ದ ಕೋಳಿಗಳನ್ನೇ ಆರಿಸಿದೆ. ಸತ್ತು ಬಿದ್ದವನ್ನು ಬಿಟ್ಟೆ, ನಮ್ಮ ಬಿಸಿಲಿಗೆ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಪ್ರತಿ ಅಂಗಕ್ಕೂ ಬೇರೆ ಕತ್ತರಿ, ಬೇರೆ ಎಫ್‌ಟಿಎ ಕಾರ್ಡ್ (ಮಾದರಿ ಹಿಡಿದಿಡುವ ದಪ್ಪ ಕಾಗದ). ಕೊಯ್ದ ಭಾಗವನ್ನು ಕಾರ್ಡಿಗೆ ಒತ್ತಿ, ನೆರಳಲ್ಲಿ ಒಣಗಿಸಿ, ಲಕೋಟೆಗೆ ಹಾಕಿದರೆ ಆಯಿತು. ಕಾರ್ಡಿನಲ್ಲಿರುವ ರಾಸಾಯನಿಕಕ್ಕೆ ವೈರಸ್ ಸಾಯುತ್ತದೆ, ಆರ್‌ಎನ್‌ಎ ಉಳಿಯುತ್ತದೆ. ಐಸ್ ಬಾಕ್ಸ್ ಹೊತ್ತು ಓಡುವ ಗೋಳಿಲ್ಲ.

ಶ್ವಾಸನಾಳದ ವೈರಸ್ ಎಚ್‌120ಕ್ಕೆ ಹೊಂದಿತು. ಕಿಡ್ನಿಯದು ಹೊಂದಲಿಲ್ಲ. ಅದು 793ಬಿ ಎಂಬ ಇನ್ನೊಂದು ಗುಂಪಿನದು, ಅಂದರೆ ಜಿಐ-13 ಕವಲು. ಆ ಗುಂಪಿನ ಲಸಿಕೆಯನ್ನು ಈ ಫಾರ್ಮ್‌ನಲ್ಲಿ ಕೊಟ್ಟೇ ಇರಲಿಲ್ಲ. ಅಕ್ಕಪಕ್ಕದ ಫಾರ್ಮ್‌ಗಳಲ್ಲೂ ವಿಚಾರಿಸಿದೆ, ಅಲ್ಲೂ ಇಲ್ಲ. ಅಂದರೆ ಇದು ಲಸಿಕೆಯದಲ್ಲ, ರೋಗದ ವೈರಸ್ಸೇ ಇರಬೇಕು. ಶ್ವಾಸನಾಳ ಒಂದನ್ನೇ ಕಳಿಸಿದ್ದರೆ "ಲಸಿಕೆ ವೈರಸ್ ಅಷ್ಟೇ" ಎಂದು ಹೇಳಿ ಬಂದುಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಬ್ಯಾಚಿನ ಮೊಟ್ಟೆ ಸ್ವಲ್ಪ ಏರಿತು, ಮೊದಲಿನಷ್ಟು ಬರಲಿಲ್ಲ. ನನ್ನ ಚಿಂತೆ ಬ್ರೂಡಿಂಗ್ ಶೆಡ್ಡಿನ ಮರಿಗಳದ್ದು. ಎಳೆಯದರಲ್ಲೇ ಐಬಿ ತಗುಲಿದರೆ ಅಂಡನಾಳ ಹಾಳಾಗಬಹುದು. ಅಂಥ ಕೋಳಿ ಬೆಳೆದು ಜುಟ್ಟು ಕೆಂಪಾದರೂ ಮೊಟ್ಟೆ ಇಡುವುದಿಲ್ಲ. ಆ ಶೆಡ್ಡಿಗೆ ಬೇರೆ ಆಳು, ಬೇರೆ ಚಪ್ಪಲಿ ಇಡಿಸಿದೆವು. ಮರಿಗಳ ಲಸಿಕೆ ಪಟ್ಟಿಗೆ ಎಚ್‌120, 793ಬಿ ಎರಡೂ ಗುಂಪಿನ ಲಸಿಕೆಗಳನ್ನು ಸೇರಿಸಿದೆವು.