ಹೊಸ ಸೀರೆಗೆ ಮೊದಲು ಬೀರು ತೆಗೆಯಿರಿ

ಪರಿಸರಕ್ಕೆ ಒಳ್ಳೆಯದು ಅಂತ ಹೇಳಿ ಸೀರೆ ಮಾರುವವರು ಈಗ ಬೆಂಗಳೂರಿನಲ್ಲಿ ಜಾಸ್ತಿಯಾಗಿದ್ದಾರೆ. ಸಂತೋಷವೇ. ಆದರೆ ಅವರ ಹತ್ತಿರ ಹೋಗುವ ಮೊದಲು ನಿಮ್ಮ ಮನೆಯ ಬೀರು ತೆಗೆಯಿರಿ. ಇರುವ ಸೀರೆಗಳನ್ನೆಲ್ಲ ಮಂಚದ ಮೇಲೆ ಹಾಕಿ. ಹೋದ ಯುಗಾದಿಯಿಂದ ಈಚೆಗೆ ಒಮ್ಮೆಯೂ ಉಡದೇ ಇರುವುದನ್ನು ಬೇರೆ ಮಾಡಿ, ಯಾಕೆ ಉಡಲಿಲ್ಲ ಅಂತ ಒಂದೊಂದನ್ನೇ ನೋಡಿ. ಹೆಚ್ಚಿನವುಗಳಲ್ಲಿ ತಪ್ಪು ಸೀರೆಯದ್ದಲ್ಲ. ರವಿಕೆ ಬಿಗಿಯಾಗಿದೆ. ಫಾಲ್ಸ್ ಬಿಚ್ಚಿಕೊಂಡಿದೆ. ಹೊಂದುವ ಲಂಗ ಇಲ್ಲ. ಇದಕ್ಕೆಲ್ಲ ಬೇಕಾಗಿರುವುದು ಟೈಲರ್, ಹೊಸ ಸೀರೆ ಅಲ್ಲ.

ನಾನು ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿ ಕೂರುವವಳು. ಬನಶಂಕರಿಯಿಂದ ಮೆಟ್ರೊದಲ್ಲಿ ಓಡಾಟ. ಹೆಚ್ಚಿನ ದಿನ ಹತ್ತಿ ಸೀರೆಯೇ. ಹಾಗಾಗಿ ಮದುವೆ ಮನೆಯ ಸೀರೆ ಬಗ್ಗೆ ನನ್ನ ಹತ್ತಿರ ಹೆಚ್ಚು ಮಾತಿಲ್ಲ. ನೂಕುನುಗ್ಗಲಿನಲ್ಲಿ ನಿಂತು ಹೋಗಿ, ಸಂಜೆ ಬಂದು, ಮತ್ತೆ ಮುಂದಿನ ವಾರ ಉಡುವ ಸೀರೆಯ ಲೆಕ್ಕ ನನ್ನದು.

ರವಿಕೆಯಿಂದ ಶುರು ಮಾಡಿ. ಹೊಲಿಯಲು ಕೊಡುವಾಗಲೇ "ಒಳಗೆ ಬಟ್ಟೆ ಬಿಡಿ, ಪಕ್ಕಕ್ಕೆ ಎರಡು ಮೂರು ಹೊಲಿಗೆ ಹಾಕಿ" ಅಂತ ಹೇಳಿ. ಮೈ ಬಂದ ಹಾಗೆ ಒಂದೊಂದೇ ಹೊಲಿಗೆ ಬಿಚ್ಚಿಕೊಂಡರೆ ಆಯಿತು. ಪ್ರತಿ ಸೀರೆಗೂ ಅದರದ್ದೇ ರವಿಕೆ ಬೇಕು ಅನ್ನುವ ಹಟ ಬಿಡಿ. ಒಂದು ಕಪ್ಪು, ಒಂದು ಕೆನೆ ಬಣ್ಣ, ಮತ್ತೆ ಗುಳೇದಗುಡ್ಡದ ಖಣದಲ್ಲಿ ಒಂದು ಹೊಲಿಸಿಕೊಳ್ಳಿ. ಖಣದ ರವಿಕೆ ಎಷ್ಟು ಸಪ್ಪೆ ಸೀರೆಯನ್ನೂ ಎತ್ತಿಬಿಡುತ್ತದೆ. ಫಾಲ್ಸ್ ಹಾಕಿಸುವಾಗ ಹತ್ತಿ ಫಾಲ್ಸ್ ಕೇಳಿ ತಗೊಳ್ಳಿ, ಅದನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿ ಕೊಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಫಾಲ್ಸ್ ಕುಗ್ಗಿ ಅಂಚು ಸುರುಟಿಕೊಳ್ಳುತ್ತದೆ.

ಇಷ್ಟಾದ ಮೇಲೂ ಕೊಳ್ಳಲೇಬೇಕು ಅನಿಸಿದರೆ ಕೈಮಗ್ಗದ್ದು ಕೊಳ್ಳಿ. ಕೈಮಗ್ಗಕ್ಕೆ ವಿದ್ಯುತ್ ಬೇಡ, ನೇಕಾರರ ಮನೆಗೆ ಕೆಲಸ ಸಿಗುತ್ತದೆ. ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಇಳಕಲ್ ಸೀರೆಯ ಉದಾಹರಣೆಯನ್ನೇ ತಗೊಳ್ಳಿ. ಸೆರಗಿಗೆ ಬೇರೆಯಾಗಿ ಹಾಸು, ಅಂದರೆ ಉದ್ದದ ಎಳೆ, ಹೂಡಿ, ಸೀರೆಯ ಮೈಯ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವುದು ಅದರ ಹೆಚ್ಚುಗಾರಿಕೆ. ಮೈ ಮುಗಿದು ಕೆಂಪು ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಆ ಕೂಡಿಕೆ ಕೈಗೆ ಸಿಗುತ್ತದೆ. ಹಾಗಂತ ಇಳಕಲ್ ಅಂದ ಮಾತ್ರಕ್ಕೆ ಎಲ್ಲವೂ ಹತ್ತಿಯಲ್ಲ. ಕೆಲವದರಲ್ಲಿ ಸೆರಗು, ಅಂಚು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಕೆಲವು ಪವರ್‌ಲೂಮ್‌ನವು. "ಹಾಸು ಯಾವುದು, ಹೊಕ್ಕು ಯಾವುದು" ಅಂತ ಕೇಳಿ. ಹೊಕ್ಕು ಅಂದರೆ ಅಡ್ಡದ ಎಳೆ. ಗೊತ್ತಿರುವ ಅಂಗಡಿಯವರು ತಕ್ಷಣ ಹೇಳುತ್ತಾರೆ. ತಡವರಿಸಿದರೆ ಸೆರಗಿನ ತುದಿಯಿಂದ ಎರಡು ಎಳೆ ಕೇಳಿ ತಂದು ದೀಪಕ್ಕೆ ಹಿಡಿಯಿರಿ. ಹತ್ತಿ ಉರಿದರೆ ಕಾಗದ ಸುಟ್ಟ ವಾಸನೆ, ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎಳೆ ಕೊಡಲ್ಲ ಅಂದರೆ ಪಕ್ಕದ ಅಂಗಡಿ ಇದೆ. ಚಿಕ್ಕಪೇಟೆಯಲ್ಲಿ ಅಂಗಡಿಗೆ ಬರವೇ?

ಸಿಲ್ಕ್ ಮಾರ್ಕ್ ಇದ್ದರೆ ಅದು ಶುದ್ಧ ರೇಷ್ಮೆ ಅಂತ ಅಷ್ಟೇ, ಕೈಮಗ್ಗದ್ದು ಅಂತಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ. ಮೈಸೂರು ಸಿಲ್ಕ್ ಅನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಶುರು ಮಾಡಿಸಿದ ಕಾರ್ಖಾನೆಯದು, ಯಂತ್ರದ ಮಗ್ಗದಲ್ಲೇ ನೇಯುವುದು. ಹಾಗಂತ ಅದನ್ನು ಪಟ್ಟಿಯಿಂದ ತೆಗೆಯಲು ನನಗೆ ಮನಸ್ಸಿಲ್ಲ. ಅಮ್ಮ ಉಟ್ಟು, ಮಗಳು ಉಟ್ಟು, ಇನ್ನೂ ಗಟ್ಟಿಯಾಗಿರುವ ಸೀರೆಗಿಂತ ಪರಿಸರಸ್ನೇಹಿ ಬೇರೆ ಯಾವುದಿದೆ?

ನಾನು ಹೋಗುವುದು ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗೆ, ಇಲ್ಲದಿದ್ದರೆ ಚಿತ್ರಕಲಾ ಪರಿಷತ್ತಿನಲ್ಲಿ ಮೇಳ ಹಾಕಿದಾಗ. ಖಾದಿ ಬೇಕಾದರೆ ಗಾಂಧಿ ಜಯಂತಿವರೆಗೆ ಕಾಯಿರಿ, ರಿಯಾಯಿತಿ ಇರುತ್ತದೆ.

ಈಗ ಒಗೆಯುವ ವಿಷಯ. ಸೀರೆ ಬಾಳುವುದೋ ಬೀಳುವುದೋ ಇಲ್ಲೇ. ಉಟ್ಟ ತಕ್ಷಣ ಒಗೆಯಬೇಡಿ. ಸಂಜೆ ಬಿಚ್ಚಿ ನೆರಳಲ್ಲಿ ಹರವಿ, ರಾತ್ರಿಯಿಡೀ ಗಾಳಿಯಾಡಲಿ. ಕಲೆ, ಬೆವರಿನ ವಾಸನೆ ಇಲ್ಲದಿದ್ದರೆ ಇನ್ನೊಂದು ಸಲ ಆರಾಮಾಗಿ ಉಡಬಹುದು.

ಮೊದಲ ಒಗೆತಕ್ಕೆ ಮುಂಚೆ ಬಿಳಿ ಕರವಸ್ತ್ರ ಒದ್ದೆ ಮಾಡಿ ಸೆರಗಿನ ಮೂಲೆಗೆ ಒತ್ತಿ. ಕೆಂಪು ಬಂತೋ, ಆ ಸೀರೆಗೆ ಬೇರೆಯದೇ ಬಕೆಟ್, ತಣ್ಣೀರು. ನೆನೆಹಾಕಿಟ್ಟು ಟೀವಿ ಮುಂದೆ ಕೂರಬೇಡಿ. ಅದ್ದಿ, ಕೈಯಲ್ಲಿ ಹಗುರವಾಗಿ ಒತ್ತಿ, ತೆಗೆದುಬಿಡಿ. ಸೆರಗಿಗೆ ಬೇರೆ ನೀರು, ಮೈಗೆ ಬೇರೆ ನೀರು ಮಾಡಿದರೆ ಇನ್ನೂ ಒಳ್ಳೆಯದು.

ಸೋಪಿನ ಪುಡಿ ಬದಲು ಅಂಟುವಾಳ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಒಂದು ಸೀರೆಗೆ ಏಳೆಂಟು ಕಾಯಿ. ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ಬಿಸಿನೀರಿಗೆ ಹಾಕಿ. ಬೆಳಿಗ್ಗೆ ಚೆನ್ನಾಗಿ ಕಿವುಚಿದರೆ ನೊರೆ ಬರುತ್ತದೆ. ಹಳೇ ಪಂಚೆ ತುಂಡಿನಲ್ಲಿ ಸೋಸಿ, ಅರ್ಧ ಬಕೆಟ್ ನೀರಿಗೆ ಬೆರೆಸಿ. ನಮ್ಮ ಏರಿಯಾದ ಬೋರ್‌ವೆಲ್ ನೀರು ಗಡುಸು. ಅದರಲ್ಲಿ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಬಟ್ಟೆಗೆ ಬಿಳಿ ಕೊಳೆ ಅಂಟುತ್ತದೆ. ಅಂಟುವಾಳಕ್ಕೆ ಆ ರಗಳೆ ಇಲ್ಲ. ಆದರೂ ಕೊನೆಯ ಸಲ ಜಾಲಿಸಲು ನಾನು ಒಂದು ಬಕೆಟ್ ಕಾವೇರಿ ನೀರು ತೆಗೆದಿಡುತ್ತೇನೆ. ತಿಳಿ ಬಣ್ಣದ ಸೀರೆಗೆ ಮಾತ್ರ ಅಂಟುವಾಳದ ನೀರನ್ನು ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ, ಸ್ವಲ್ಪ ಕಂದು ಹಿಡಿಯಬಹುದು.

ಗಂಜಿ ಹಾಕುವುದಾದರೆ ತೆಳ್ಳಗೆ ಹಾಕಿ. ಮಜ್ಜಿಗೆ ನೀರಿಗಿಂತ ಗಟ್ಟಿ ಬೇಡ. ತಿಂಗಳುಗಟ್ಟಲೆ ಎತ್ತಿಡುವ ಸೀರೆಗೆ ಗಂಜಿ ಬೇಡವೇ ಬೇಡ. ಗಂಜಿ ತಿನ್ನಲು ಸಿಲ್ವರ್‌ಫಿಶ್ ಹುಳ ಕಾದಿರುತ್ತದೆ, ಗಂಜಿ ಜೊತೆ ಬಟ್ಟೆಯೂ ಹೋಗುತ್ತದೆ. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆ ಬಿದ್ದ ಕಡೆಯೇ ಜರಿ ಮುರಿಯುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಡ್ರೈ ಕ್ಲೀನ್ ಅಂದರೆ ನೀರಿಲ್ಲ ಅಷ್ಟೇ, ರಾಸಾಯನಿಕ ಇದ್ದೇ ಇರುತ್ತದೆ. ಎಣ್ಣೆ ಕಲೆ ಬಿದ್ದಾಗ ಮಾತ್ರ ಕೊಡಿ.

ಗಂಡಸರಿಗೂ ಒಂದು ಮಾತು. ಮನೆಯಲ್ಲಿ ಬರ್ಮುಡಾ ಬದಲು ಹತ್ತಿ ಪಂಚೆ ಉಡಿ. ಏಪ್ರಿಲ್ ಸೆಕೆಗೆ ಅದಕ್ಕಿಂತ ಹಗುರದ್ದು ಇಲ್ಲ. ಉಟ್ಟು ಹೊರಗೂ ಹೋಗಿ. 2024ರ ಜುಲೈನಲ್ಲಿ ಪಂಚೆ ಉಟ್ಟು ಬಂದ ಹಿರಿಯರೊಬ್ಬರನ್ನು ಇದೇ ಊರಿನ ಮಾಲ್ ಒಂದರಲ್ಲಿ ಒಳಗೆ ಬಿಡಲಿಲ್ಲ. ಗಲಾಟೆಯಾಗಿ ಕೊನೆಗೆ ಆ ಮಾಲಿಗೇ ಕೆಲವು ದಿನ ಬೀಗ ಬಿತ್ತು. ಇನ್ನು ಯಾರೂ ತಡೆಯಲಿಕ್ಕಿಲ್ಲ ಬಿಡಿ.

ಸೀರೆ ಹರಿಯಿತು ಅಂತ ತಕ್ಷಣ ಎಸೆಯಬೇಡಿ. ಸಣ್ಣ ತೂತಿಗೆ ರಫೂ ಮಾಡಿಸಿ. ಮೈ ಸವೆದು ಅಂಚು ಗಟ್ಟಿಯಿದ್ದರೆ ಅಂಚು ಬಿಚ್ಚಿ ಸಾದಾ ಹತ್ತಿ ಸೀರೆಗೆ ಹೊಲಿಸಿ. ರೇಷ್ಮೆ ಚೆನ್ನಾಗಿರುವ ಭಾಗದಲ್ಲಿ ಮಗುವಿಗೆ ಲಂಗ ರವಿಕೆ ಆಗುತ್ತದೆ. ಅವೆನ್ಯೂ ರಸ್ತೆ ಕಡೆ ಹಳೇ ಜರಿ ಸೀರೆ ಕೊಳ್ಳುವವರಿದ್ದಾರೆ, ಸುಟ್ಟು ಬೆಳ್ಳಿ ತೆಗೆಯುವುದಕ್ಕೆ. ಏನೂ ಮಾಡಲಾಗದ ಸೀರೆಯನ್ನಷ್ಟೇ ಅಲ್ಲಿಗೆ ಒಯ್ಯಿರಿ. ಮೆತ್ತಗಾದ ಹತ್ತಿ ಸೀರೆಗಳನ್ನು ಪದರ ಪದರ ಹಾಕಿ ಕೌದಿ ಹೊಲಿಸಿ. ಉಳಿದ ಚೂರು ಮಸಿಬಟ್ಟೆಗೆ.

ಬೀರುವಿನಲ್ಲಿ ಪಾಲಿಯೆಸ್ಟರ್ ಸೀರೆಗಳೂ ಇರುತ್ತವೆ, ಅಲ್ವಾ? ನನ್ನ ಹತ್ತಿರವೂ ಇವೆ. ಕೈಮಗ್ಗದ ಉತ್ಸಾಹದಲ್ಲಿ ಅವನ್ನು ಕಸಕ್ಕೆ ಹಾಕಬೇಡಿ. ಒಗೆದಾಗಲೆಲ್ಲ ಪ್ಲಾಸ್ಟಿಕ್ಕಿನ ಸಣ್ಣ ಎಳೆ ನೀರಿಗೆ ಬಿಡುತ್ತವೆ, ಅದಕ್ಕೇ ಕಡಿಮೆ ಒಗೆಯಿರಿ. ಮಳೆಗಾಲದಲ್ಲಿ ಅವನ್ನೇ ಉಡಿ. ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ನೆರಿಗೆವರೆಗೆ ನೆನೆದರೂ ಆಫೀಸಿನ ಫ್ಯಾನಿನಡಿ ಬೇಗ ಒಣಗುತ್ತವೆ. ಮಸಿಬಟ್ಟೆಗೆ ಮಾತ್ರ ಬರುವುದಿಲ್ಲ, ನೀರು ಹೀರಲ್ಲ.